ಕೆಲಸದ ಕೈಗೆ ಪ್ಲಾಟಿನಮ್

ಮಾದಾಪುರ
ಫೆಬ್ರವರಿ 11, ಮಂಗಳವಾರ

ಪ್ರೀತಿಯ ಅವ್ವ,

ನಿನ್ನ ಮೊಣಕಾಲು ಹೇಗಿದೆ ಎಂದು ಕೇಳಿ ಪತ್ರ ಶುರುಮಾಡಬೇಕಿತ್ತು. ಕೇಳುವ ಮನಸ್ಸಿಲ್ಲ. ಆದರೂ ಎಣ್ಣೆ ಹಚ್ಚುವುದನ್ನು ಬಿಡಬೇಡ.

ಫೋನು ಇರುವಾಗ ಈ ಗೂಡೆಗೆ ಎಂತಕೆ ಪತ್ರದ ಹುಚ್ಚು, ಎಂಥ ಹುಡುಗಿ ಇದು ಎಂದು ನೀನು ಅಪ್ಪನ ಹತ್ತಿರ ಗೊಣಗುತ್ತೀಯ, ಗೊತ್ತು. ಫೋನಿನಲ್ಲಿ ನಾನು ಎರಡು ಮಾತು ಗಟ್ಟಿಯಾಗಿ ಆಡಿದರೆ ನೀನು ಅಳುತ್ತೀಯ. ನೀನು ಅತ್ತರೆ ನಾನು ಸುಮ್ಮನಾಗುತ್ತೇನೆ. ನಮ್ಮ ಜಗಳಗಳೆಲ್ಲ ಹಾಗೇ ಮುಗಿದಿವೆ. ಈ ಸಲ ನನ್ನ ಮಾತು ಪೂರ್ತಿ ಓದು, ಆಮೇಲೆ ಬೇಕಾದರೆ ಅಳು.

ಭಾನುವಾರ ನಿಶ್ಚಿತಾರ್ಥದ ಉಂಗುರ ಆರಿಸಲು ಮಡಿಕೇರಿಗೆ ಹೋಗಿದ್ದೆವು. ಮಿಲನ್, ಅವರ ಅವ್ವ ಪ್ರೇಮಾವತಿ ಅತ್ತೆ, ನಾನು. ಯಾವ ಲೋಹದ್ದು ಮಾಡಿಸುವುದು ಎಂದು ನಾನು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆನಲ್ಲ. ದನದ ಡಾಕ್ಟರ ಕೈ ಎಂಥದೆಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಹಂದಿಗೆ ಇಂಜೆಕ್ಷನ್, ಮಧ್ಯಾಹ್ನ ಎಸ್ಟೇಟ್ ಕೂಲಿಯವರ ಲೈನುಮನೆಯಲ್ಲಿ ಯಾರದೋ ಮೇಕೆಗೆ ಹೊಲಿಗೆ, ಸಂಜೆ ಕರು ಎಳೆಯುವ ಹಗ್ಗ. ನಡುನಡುವೆ ಬ್ಲೀಚಿಂಗ್ ನೀರು, ಅಯೋಡಿನ್. ಇಪ್ಪತ್ತೆರಡು ಕ್ಯಾರೆಟ್ ಚಿನ್ನ ಮೆದು, ಹಗ್ಗ ಒಮ್ಮೆ ಜಗ್ಗಿದರೆ ಸೊಟ್ಟಗಾಗುತ್ತದೆ. ಬೆಳ್ಳಿ ಬೇಗ ಕಪ್ಪಾಗುತ್ತದೆ. ಬಿಳಿ ಚಿನ್ನದ ಮೇಲಿನ ಹೊಳಪು ಸವೆದರೆ ಒಳಗಿನ ಹಳದಿ ಇಣುಕುತ್ತದೆ, ಅದರಲ್ಲಿ ನಿಕ್ಕಲ್ ಬೆರೆಸಿದ್ದರೆ ನನ್ನ ಬೆರಳಿನ ಗತಿ ಮುಗಿಯಿತು. ಕಾಲೇಜಿನಲ್ಲಿ ಕಟ್ಟಿದ್ದ ಅಗ್ಗದ ವಾಚಿಗೆ ಮಣಿಕಟ್ಟು ಕೆಂಪಗೆ ಉಬ್ಬಿದ್ದನ್ನು ನೋಡಿ ಬೇವಿನ ಸೊಪ್ಪು ಅರೆದು ಹಚ್ಚಿದವಳು ನೀನೇ. ಕೊನೆಗೆ ಪ್ಲಾಟಿನಮ್ಮೇ ಸರಿ ಎನ್ನಿಸಿತು. ಕಲ್ಲುಗಿಲ್ಲು ಏನೂ ಇಲ್ಲದ ಸಾದಾ ಉಂಗುರ. ಹಸುವಿನ ಹೆರಿಗೆ ಮಾಡಿಸುವಾಗ ತೆಗೆದು ಜೇಬಿಗೆ ಹಾಕಿಕೊಂಡು, ಅದು ಬೀಗದ ಕೈಗಳ ಜೊತೆ ಗಲಗಲ ಅಂದರೂ ಚಿಂತೆಯಿಲ್ಲ. ಗೀರು ಬಿದ್ದೀತು, ಅಷ್ಟೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ನಿನ್ನದು ಒಂದೇ ಪಟ್ಟು. ಚಿನ್ನವೇ ಇರಲಿ, ಅಷ್ಟು ಗಟ್ಟಿಯದು ನಿನಗೆ ಎಂತಕೆ ಅಂದೆ. ಹಳದಿ ಬಿಟ್ಟು ಬೇರೆ ಬಣ್ಣ ನಮ್ಮ ಅವ್ವನ ಕಣ್ಣಿಗೆ ಹಿಡಿಸುವುದಿಲ್ಲ ಎಂದು ನಾನು ನಕ್ಕೆ. ಆ ನಗು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಅಂಗಡಿಯಲ್ಲಿ ಪ್ಲಾಟಿನಮ್ ನೋಡಿದ ಪ್ರೇಮಾವತಿ ಅತ್ತೆ, ಸೊಸೆಗೆ ಬೆಳ್ಳಿ ಹಾಕಿದರು ಅಂತ ನೆಂಟರು ಆಡಿಕೊಳ್ಳುವುದಿಲ್ಲವಾ ಎಂದರು. ನಾನು ನಗುನಗುತ್ತಲೇ ನನ್ನ ಕೆಲಸದ ಪುರಾಣ ಬಿಚ್ಚಿದೆ. ಅವರು ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು, ಅದೆಲ್ಲ ಇನ್ನೆಷ್ಟು ದಿನ ಮಗಳೇ, ಮದುವೆಯಾದ ಮೇಲೆ ಈ ಕೈಗೆ ಆರಾಮ ಅಂದರು. ನನಗೆ ಅರ್ಥವಾಗಲಿಲ್ಲ. ಮದುವೆಗೆ ಮುಂಚೆಯೇ ಕೆಲಸ ಬಿಡುತ್ತಾಳೆ, ಅವಳಿಗೇ ಸಾಕಾಗಿ ಹೋಗಿದೆ ಎಂದು ನಿಮ್ಮ ಅವ್ವ ಹೇಳಿದ ಮೇಲೆ ತಾನೇ ನಾವು ಮಾತು ಮುಂದುವರಿಸಿದ್ದು ಎಂದು ಅವರು ನನ್ನ ಮುಖ ನೋಡಿದರು. ಅವರ ಮಾತಿನಲ್ಲಿ ಕಪಟ ಇರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದವಳು ನಾನು. ಉಂಗುರ ಇನ್ನೊಂದು ದಿನ ನೋಡೋಣ ಎಂದು ಹೇಳಿ ಎದ್ದುಬಿಟ್ಟೆ.

ಮನೆಗೆ ಬಂದು ನಿನಗೆ ಫೋನ್ ಮಾಡಿದರೆ, ನೀನು ಇಲ್ಲ ಎನ್ನಲಿಲ್ಲ. ಮೂವತ್ತೊಂದು ತುಂಬಿತು ಗೂಡೆ, ಒಳ್ಳೆಯ ಮನೆ, ಮೊದಲು ತಾಳಿ ಬೀಳಲಿ, ಕೆಲಸದ ಮಾತು ಆಮೇಲೆ ನಿಧಾನಕ್ಕೆ ನೋಡಿಕೊಂಡರಾಯಿತು ಅಂದೆ. ಆಮೇಲೆ ಎಂದಿನಂತೆ ಅಳಲು ಶುರುಮಾಡಿದೆ.

ನನಗೆ ಯಾವಾಗ ಸಾಕಾಯಿತು ಅವ್ವ? ಇಷ್ಟು ಬರೆಯುವಷ್ಟರಲ್ಲಿ ಬೋಜಮ್ಮ ಎನ್ನುವವರು ತಮ್ಮ ನಾಯಿಯನ್ನು ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಬಂದರು. ಮೂತಿ ತುಂಬ ಮುಳ್ಳುಹಂದಿಯ ಮುಳ್ಳು. ಮಂಪರು ಬರುವ ಮದ್ದು ಕೊಟ್ಟು ಒಂದೊಂದಾಗಿ ಕಿತ್ತೆ. ಎಚ್ಚರವಾದ ಮೇಲೆ ಅದು ನನ್ನ ಕೈ ನೆಕ್ಕಿತು. ಕೈ ತೊಳೆದು ಬಂದು ಈಗ ಮತ್ತೆ ಕೂತಿದ್ದೇನೆ. ಇಂಥ ಕೆಲಸ ನನಗೆ ಸಾಕಾಗಿದೆಯಂತೆ.

ಹೆಣ್ಣು ಹುಡುಗಿ ದನದ ಡಾಕ್ಟರಾಗುವುದಾ ಎಂದು ದೊಡ್ಡಪ್ಪ ಮೂಗು ಮುರಿದಾಗ ಅವರ ಬಾಯಿ ಮುಚ್ಚಿಸಿದವಳು ನೀನು. ನಾನು ಮೊದಲ ಸಲ ಬದುಕಿಸಿದ ಕರುವಿನ ಸುದ್ದಿಯನ್ನು ನಮ್ಮ ಕರಿಕೆ ಊರಿಡೀ ಹೇಳಿಕೊಂಡು ಬಂದವಳೂ ನೀನು. ದೊಡ್ಡಪ್ಪ ಹೀಗೆ ಮಾಡಿದ್ದರೆ ಜಗಳವಾಡಿ ಮರೆಯುತ್ತಿದ್ದೆ. ನೀನು ನಂಬಿಸಿ ಕತ್ತು ಕೊಯ್ದೆ. ಅದೂ ನನ್ನ ಒಳ್ಳೆಯದಕ್ಕೆ ಎಂದುಕೊಂಡು. ನನಗೆ ತುಂಬ ನೋವಾಗಿದೆ ಅವ್ವ, ಇದಕ್ಕಿಂತ ಚಂದ ಮಾಡಿ ಹೇಳಲು ಬರುವುದಿಲ್ಲ.

ಮಿಲನ್ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅವರಿಗೇನು ಗೊತ್ತು? ನೀನು ಹೇಳಿದ್ದನ್ನು ಅವರೂ ನಂಬಿದ್ದರು. ಅಂಗಡಿಯಿಂದ ಬಸ್‌ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದು ಬಂದು, ನೀರಿನ ಬಾಟಲಿ ಕೊಡಿಸಿ, ಬಸ್ ಹೊರಡುವವರೆಗೂ ನಿಂತಿದ್ದರು. ಅಂಥ ಮನುಷ್ಯನಿಗೆ ಸುಳ್ಳು ಹೇಳಲು ನಿನಗೆ ನಾಲಿಗೆ ಹೇಗೆ ಬಂತು?

ಇಪ್ಪತ್ತಮೂರಕ್ಕೆ ನಿಶ್ಚಿತಾರ್ಥ. ಅಷ್ಟರೊಳಗೆ ನೀನೇ ಚೇರಂಬಾಣೆಗೆ ಮಿಲನ್ ಮನೆಗೆ ಹೋಗಿ ಅವರ ಎದುರು ಕೂತು, ನಾನು ಹೇಳಿದ್ದು ಸುಳ್ಳು, ಮಗಳು ಕೆಲಸ ಬಿಡುವುದಿಲ್ಲ ಎಂದು ಹೇಳಬೇಕು. ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ನನಗೆ ಉಂಗುರವೂ ಬೇಡ, ಮದುವೆಯೂ ಬೇಡ. ಅಪ್ಪನನ್ನು ಮುಂದೆ ಬಿಟ್ಟು ನೀನು ಹಿಂದೆ ನಿಲ್ಲಬೇಡ.

ಎಷ್ಟು ಸಿಟ್ಟಿದ್ದರೂ ನಿನ್ನ ಮಗಳೇ ಆದ,
ಅಶ್ವಿತಾ

ವಿ.ಸೂ.: ನಿನ್ನೆ ಲಕೋಟೆ ಅಂಟಿಸಿದ್ದೆ, ಇವತ್ತು ಹರಿದು ಇದನ್ನು ಸೇರಿಸುತ್ತಿದ್ದೇನೆ. ಮಿಲನ್‌ಗೆ ಏನೂ ಗೊತ್ತಿರಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಒಬ್ಬರಾದರೂ ನನ್ನ ಪಾಲಿಗೆ ಉಳಿಯಲಿ ಎಂದು ಹಾಗೆ ಬರೆದೆ. ಬಸ್‌ಸ್ಟ್ಯಾಂಡಿನಲ್ಲಿ ನಾನು ಅವರನ್ನು ಕೇಳಿದ್ದೆ, ತಿಂಗಳಿಂದ ಹಗ್ಗ, ಅಯೋಡಿನ್ ಅಂತ ಹೇಳುತ್ತಲೇ ಇದ್ದೇನೆ, ಕೆಲಸ ಬಿಡುವವಳು ಹಾಗೆ ಮಾತಾಡುತ್ತಾಳಾ, ನಿಮಗೆ ಅನುಮಾನ ಬರಲಿಲ್ಲವಾ ಎಂದು. ಬಂದಿತ್ತಂತೆ. ಮೊದಲ ವಾರವೇ ಬಂದಿತ್ತಂತೆ. ಕೇಳಿದರೆ ನೀವು ಇಲ್ಲ, ಬಿಡುವುದಿಲ್ಲ ಅಂದುಬಿಡುತ್ತಿದ್ದಿರಿ, ಅದಕ್ಕೇ ಕೇಳಲಿಲ್ಲ ಅಂದರು. ನೀರಿನ ಬಾಟಲಿ ಕೊಡಿಸಿದ್ದು ಅದಾದ ಮೇಲೆ. ಇವತ್ತು ಬೆಳಿಗ್ಗೆ ನಾನೇ ಅವರಿಗೆ ಫೋನ್ ಮಾಡಿ, ಅವರು ಕೇಳುವ ಮೊದಲೇ ಇಲ್ಲ, ಈ ಮದುವೆ ಬೇಡ ಅಂದುಬಿಟ್ಟೆ. ನೀನಿನ್ನು ಚೇರಂಬಾಣೆಗೆ ಹೋಗಬೇಕಾಗಿಲ್ಲ.