ಹಿತ್ತಲಿನ ಮಣ್ಣು

ಕೆಂಗೇರಿ
೧೪ ಜುಲೈ ೨೦೨೫

ಚೈತ್ರಕ್ಕನಿಗೆ ದರ್ಶನ್ ಮಾಡುವ ನಮಸ್ಕಾರ.

ನಿನ್ನ ಮೆಸೇಜಿಗೆ ಹನ್ನೊಂದು ದಿನ ಉತ್ತರ ಕೊಡಲಿಲ್ಲ, ಬೈಯಬೇಡ. ಫೋನ್ ಮಾಡಿದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ, ಸ್ಪೀಕರ್ ಹಾಕು ಅನ್ನುತ್ತಾಳೆ. ಅದಕ್ಕೇ ಕಾಗದ.

ಧಾರವಾಡದ ನಿನ್ನ ಲ್ಯಾಬಿಗೆ ಕಳಿಸಿದ ಮಣ್ಣಿನ ಬಾಟಲಿಗಳು ಅದಲುಬದಲಾಗಿಲ್ಲ ಅಕ್ಕ. ನಾಯಂಡಹಳ್ಳಿಯಲ್ಲಿ ನಾನು ಕೆಲಸ ಮಾಡುವ, ಸಾಮಾನಿಗೆ ನಿಕಲ್, ಸತು ಲೇಪಿಸುವ ಪ್ಲೇಟಿಂಗ್ ಶೆಡ್ಡಿನ ಮಣ್ಣು ಕೆಂಪು ಮುಚ್ಚಳದ್ದು, ನಮ್ಮ ಹಿತ್ತಲಿನದು ಬಿಳಿಯದು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟರೂ ಬಣ್ಣ ಗೊತ್ತಾಗುತ್ತದೆ.

ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. ಮಣ್ಣಿನ ಬ್ಯಾಕ್ಟೀರಿಯಾ ಕಬ್ಬಿಣ ಹಿಡಿದು ತರಲು ಒಂದು ರಸ ಬಿಡುತ್ತವೆ. ನಿಕಲ್, ಸತು ತುಂಬಿದ ಕಡೆ ಆ ರಸಕ್ಕೆ ಕಬ್ಬಿಣದ ಬದಲು ಆ ಲೋಹಗಳೇ ಅಂಟಿಕೊಳ್ಳುತ್ತವೆ. ಕಬ್ಬಿಣ ಸಾಲದೆ ಬ್ಯಾಕ್ಟೀರಿಯಾ ಇನ್ನೂ ಇನ್ನೂ ರಸ ಬಿಡುತ್ತವೆ. ಹಾಗೆ ಬದುಕಿ ರೂಢಿಯಾದವನ್ನು ನಿನ್ನ ಲ್ಯಾಬಿನ ನೀಲಿ ತಟ್ಟೆಗೆ ಹಾಕಿದರೆ ಸುತ್ತ ದೊಡ್ಡ ಕಿತ್ತಳೆ ಉಂಗುರ. ಉಂಗುರ ದೊಡ್ಡದಿದ್ದಷ್ಟೂ ಮಣ್ಣಲ್ಲಿ ಲೋಹ ಹೆಚ್ಚು; ಆದರೆ ಶೆಡ್ಡಿನದಕ್ಕಿಂತ ಹಿತ್ತಲಿನ ಉಂಗುರವೇ ದೊಡ್ಡದು ಬಂತು. ನಿನ್ನ ಗೈಡ್ "ಹುಡುಗ ಎಡವಟ್ಟು ಮಾಡಿದಾನೆ, ಬಿಸಾಕಿ" ಅಂದರಂತೆ. "ಬಾಟಲಿ ಬದಲಾಯ್ತು ಅಂತ ಒಂದ್ಮಾತು ಹೇಳ್ಬಿಡೋ, ಬೇರೆ ಮಣ್ಣು ತರಿಸ್ಕೋತೀನಿ" ಅಂತ ನೀನು. ಹೇಳುವುದಿಲ್ಲ. ಬಿಸಾಕಬೇಡಿ.

ಅಮ್ಮನಿಗೆ ಮತ್ತೆ ರಕ್ತ ಕಡಿಮೆ. ಮೂರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದರೂ ಏರಿಲ್ಲ. "ಸೊಪ್ಪು ತಿನ್ನಿ ಅಂದ್ರಲ್ಲೋ ಡಾಕ್ಟ್ರು. ಅಂಗಡೀದು ಬೇಡಪ್ಪ, ಮೋರಿ ನೀರಲ್ಲಿ ಬೆಳ್ದಿರ್ತಾರೆ" ಎಂದು ದಿನಾ ಹಿತ್ತಲಿನ ದಂಟು ಕೀಳುತ್ತಾಳೆ. ಆ ದಂಟಿಗೂ ರಕ್ತ ಏರದ್ದಕ್ಕೂ ಸಂಬಂಧ ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ನಿನ್ನೆ ಊಟಕ್ಕೆ ಕೂತಾಗ ದಂಟಿನ ಪಲ್ಯದ ತಟ್ಟೆ ಸರಿಸಿದೆ. "ಏನೋ ದೊಡ್ಡ ಮನುಷ್ಯ, ನಾ ಬೆಳ್ದಿದ್ದು ಸೇರಲ್ವಾ?" ಅಂದಳು. ತಿಂದೆ.

ನಿನ್ನ ಓದು ಕೈಗೂಡಲಿ ಎಂದು ಅಮ್ಮ ಹರಸಿದ್ದಾಳೆ, ಅದನ್ನೂ ಇದರಲ್ಲೇ ಕಳಿಸುತ್ತಿದ್ದೇನೆ.

ನಿನ್ನ ತಮ್ಮ,
ದರ್ಶನ್

ತಾ.ಕ.: ಹಿತ್ತಲಲ್ಲಿ ಮಳೆನೀರು ನಿಲ್ಲುತ್ತಿತ್ತಲ್ಲ, ನಾನು ಕೆಲಸಕ್ಕೆ ಸೇರಿದ ವರ್ಷ ಎರಡು ಟೆಂಪೊ ಮಣ್ಣು ತಂದು ತುಂಬಿಸಿದೆ. ಅದು ಮಣ್ಣಲ್ಲ. ಶೆಡ್ಡಿನ ತೊಟ್ಟಿಗಳ ತಳದಲ್ಲಿ ಲೋಹ ಇಳಿದು ಕೂತ ಕೆಸರು, ಒಣಗಿಸಿದ್ದು. "ಎಲ್ಲಾದ್ರೂ ಸುರ್ದು ಬಾ ಮಗಾ" ಅಂದಿದ್ದರು ಓನರ್ ಮಹದೇವಣ್ಣ. ಮೇಲೆ ಒಂದು ಗೇಣು ಕೆಮ್ಮಣ್ಣು ಹರಡಿದೆ. "ನನ್ ಮಗ ಮನೆ ನೋಡ್ಕೋತಾನೆ" ಎಂದು ಅಮ್ಮ ಅವತ್ತು ಬೀದಿಗೆಲ್ಲ ಹೇಳಿಕೊಂಡು ಬಂದಳು. ಇದನ್ನು ಪೋಸ್ಟ್ ಮಾಡಿ ಬಂದು ಅವಳಿಗೆ ಹೇಳುತ್ತೇನೆ. ಮೊದಲು ನಿನಗೆ ಬರೆದದ್ದು, ಆಮೇಲೆ ನಾನು ಹಿಂದೆ ಸರಿಯಲು ಆಗಬಾರದು ಅಂತ.