ಡಿಜೆ ಒಪ್ಪದ ಹಾಡುಗಳು

ಎಣ್ಮಕಜೆ
11 ಜನವರಿ 2026, ಆದಿತ್ಯವಾರ

ಪ್ರೀತಿಯ ಪೂಜಾ,

ವಾಟ್ಸ್ಯಾಪ್ ಇರುವಾಗ ಇವಳು ಕಾಗದ ಬರೆಯುತ್ತಾಳಲ್ಲ ಎಂದು ನೀನು ನಗುತ್ತೀ, ಗೊತ್ತು. ವಾಟ್ಸ್ಯಾಪಿನಲ್ಲಿ ಬರೆದರೆ ನೀನೊಬ್ಬಳೇ ಓದಿ, ಮನೆಯಲ್ಲಿ ಜಗಳ ಬೇಡವೆಂದು ಅಳಿಸಿಬಿಡುವೆ. ಕಾಗದವಾದರೆ ಪೋಸ್ಟ್‌ಮ್ಯಾನ್ ನಿಮ್ಮ ಮೀಂಜದ ಮನೆಯ ಜಗಲಿಗೇ ತಂದುಕೊಡುತ್ತಾನೆ, ಯಾರದು, ಎಂತ ಬರೆದಿದ್ದಾಳೆ ಎಂದು ನಿನ್ನ ಅಮ್ಮ ಕೇಳಿಯೇ ಕೇಳುತ್ತಾರೆ. ಕೇಳಲಿ ಎಂದೇ ಬರೆಯುತ್ತಿದ್ದೇನೆ. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಬರೆಯಲು ಕೂತರೆ ಮಾತ್ರ ನನಗೆ ಶಾಲೆಯ ಕನ್ನಡವೇ ಕೈಗೆ ಬರುತ್ತದೆ. ಕೋಪ ಬಂದಾಗ ಇನ್ನೂ ಸಲೀಸಾಗಿ ಬರುತ್ತದೆ.

ಫೆಬ್ರವರಿಯಲ್ಲಿ ನಿನ್ನ ಅಣ್ಣ ಪ್ರವೀತ್‌ಗೂ ನನಗೂ ಮದುವೆ, ಹಿಂದಿನ ದಿನ ನಮ್ಮ ಮನೆಯಲ್ಲಿ ಮೆಹೆಂದಿ, ಅದಕ್ಕೆ ಡಿಜೆ ತರಿಸುವ ಉತ್ಸಾಹ ನಿನ್ನದು. ಅತ್ತಿಗೆ, ನಿಮಗೆ ಈಗ ಇಷ್ಟದ ಹಾಡು ಎಂತೆಲ್ಲ ಉಂಟು, ಪಟ್ಟಿ ಕಳಿಸಿ ಎಂದೆ ನೀನು. ನನ್ನ ಇಷ್ಟವನ್ನು ಒಬ್ಬರು ಕೇಳಿದರಲ್ಲ ಎಂದು ಹಿಗ್ಗಿ ನಾನು ಕಳಿಸಿದೆ. ಎರಡು ದಿನ ಬಿಟ್ಟು ನಿನ್ನ ಫೋನು ಬಂತು. ಇದೆಂತ, ನೀವು ತಮಾಷೆ ಮಾಡುವುದಾ ಎಂದು ಡಿಜೆಯವನು ನಿನ್ನನ್ನು ಕೇಳಿದನಂತೆ, ಅದಕ್ಕೆ ಒಳ್ಳೆಯ ಹಾಡು ನೀನೇ ಆರಿಸಿಕೊಡುತ್ತೀಯಂತೆ. ಫೋನು ಇಡುವ ಮೊದಲು ಸ್ವರ ತಗ್ಗಿಸಿ ನಿನ್ನ ಅಮ್ಮನ ಎರಡು ಮಾತನ್ನೂ ದಾಟಿಸಿದೆ. ಮೆಹೆಂದಿಗೂ ಮದುವೆಗೂ ನನ್ನ ಒಡಹುಟ್ಟಿದ ಕುಶಲಣ್ಣನನ್ನು ನಮ್ಮ ದೊಡ್ಡಮ್ಮನ ಮನೆಯಲ್ಲಿ ಬಿಟ್ಟರೆ ಅವನಿಗೇ ಆರಾಮ, ಗದ್ದಲ ಅವನಿಗೆ ಆಗುವುದಿಲ್ಲವಲ್ಲ ಎಂಬುದು ಒಂದು. ಆಮಂತ್ರಣದಲ್ಲಿ ಊರಿನ ಹೆಸರು ಪೆರ್ಲ ಎಂದಷ್ಟೇ ಹಾಕಿದರೆ ಸಾಕು, ಎಣ್ಮಕಜೆ ಬೇಡ ಎಂಬುದು ಇನ್ನೊಂದು.

ಡಿಜೆಯವನಿಗೆ ನಾನು ಉತ್ತರ ಕೊಡಬೇಕಾಗಿಲ್ಲ. ನಿನಗೆ ಕೊಡುತ್ತೇನೆ, ಯಾಕೆಂದರೆ ನೀನು ಕೆಟ್ಟವಳಲ್ಲ, ಹೇಳಿದ್ದನ್ನು ಹೊತ್ತು ತಂದವಳು.

ಮೊದಲ ಹಾಡು ಮೊನ್ನೆಯ ಪಂಚಾಯತು ಚುನಾವಣೆಯ ಜೀಪಿನದು. ಯಾವ ಪಕ್ಷದ್ದು ಎಂದು ನಿನ್ನ ಅಮ್ಮ ಗಾಬರಿಯಿಂದ ಕೇಳಿದರಂತೆ. ಆ ಅಭ್ಯರ್ಥಿ ಸೋತಾಯಿತು, ಹೆದರಬೇಡಿ ಎಂದು ಹೇಳು. ಯಾವುದೋ ಹಳೆಯ ರಾಗಕ್ಕೆ ರಸ್ತೆ, ನೀರು, ಬೀದಿದೀಪ ಎಲ್ಲ ಸೇರಿಸಿ ಮಲಯಾಳದಲ್ಲಿ ಹೊಸೆದ ಪದ. ನಮ್ಮ ಮನೆ ಮುಂದಿನ ಏರು ಹತ್ತಲಾಗದೆ ಆ ಜೀಪು ದಿನವೂ ಅಲ್ಲೇ ನಿಂತು ಬೊಬ್ಬೆ ಹೊಡೆಯುತ್ತಿತ್ತು. ಅಭ್ಯರ್ಥಿಯ ಹೆಸರು ಬಂದಾಗಲೆಲ್ಲ ಕುಶಲಣ್ಣ ನಗುತ್ತಿದ್ದ. ಅವನ ನಗು ನೀನು ಕೇಳಿಲ್ಲ. ಹೆಣ್ಣು ನೋಡಲು ಬಂದ ದಿನ ನೀವೆಲ್ಲ ಚಾವಡಿಯಲ್ಲಿ ಚಹಾ ಕುಡಿದು ಹೋದಿರಿ, ಅವನು ಒಳಕೋಣೆಯಲ್ಲಿದ್ದ. ಹುಷಾರಿಲ್ಲದ ಅಣ್ಣ ಒಬ್ಬ ಇದ್ದಾನೆ ಎಂದು ದಲ್ಲಾಳಿ ಪ್ರೇಮನಾಥಣ್ಣ ಮೊದಲೇ ಹೇಳಿದ್ದರಿಂದ ನೀವು ಯಾರೂ ಒಳಗೆ ಇಣುಕಲಿಲ್ಲ. ಮೂವತ್ತಾರು ವರ್ಷದ ಗಂಡಸು, ಮಾತಿಲ್ಲ, ನಡಿಗೆಯಿಲ್ಲ, ಆ ಹಾಡು ಕೇಳಿದರೆ ಮಂಚ ಅಲುಗುವಂತೆ ನಗುತ್ತಾನೆ. ಚುನಾವಣೆ ಮುಗಿದು ಜೀಪು ನಿಂತ ಮೇಲೆ ಅಪ್ಪ ಆ ಪಕ್ಷದ ಆಫೀಸಿಗೆ ಹೋಗಿ ಹಾಡನ್ನು ಫೋನಿಗೆ ಹಾಕಿಸಿಕೊಂಡು ಬಂದರು. ಸೋತವರ ಹಾಡು ಕೇಳಿಕೊಂಡು ಹೋದವರು ಅವರೊಬ್ಬರೇ ಇರಬೇಕು, ಅಲ್ಲಿಯವರು ಚಹಾ ಕೊಟ್ಟು ಕಳಿಸಿದರಂತೆ.

ಎರಡನೆಯದು ಮುಸ್ಲಿಮರ ಮದುವೆಯಲ್ಲಿ ಹಾಡುವ ಒಪ್ಪನೆಯ ಹಾಡು. ಅದು ಅವರ ಮದುವೆಯ ಹಾಡಲ್ಲವಾ, ನಮ್ಮಲ್ಲಿ ಎಂತಕ್ಕೆ ಎಂದು ನೀನು ಕೇಳಿದಾಗ ನನಗೆ ನಿಜವಾಗಿ ಬೇಸರವಾಯಿತು. ನೆರೆಮನೆಯ ಸಫಿಯಕ್ಕನ ಮಗಳ ಮದುವೆಯಲ್ಲಿ ಹುಡುಗಿಯರು ವೃತ್ತಕಟ್ಟಿ ಕೈತಟ್ಟಿ ಹಾಡಿದ್ದು. ಸಫಿಯಕ್ಕ ಅದನ್ನು ಕುಶಲನಿಗಿರಲಿ ಎಂದು ಫೋನಿನಲ್ಲಿ ಹಿಡಿದು ತಂದುಕೊಟ್ಟರು. ಅಣ್ಣನ ಮುಷ್ಟಿ ಯಾವಾಗಲೂ ಬಿಗಿದಿರುತ್ತದೆ. ಆ ಚಪ್ಪಾಳೆ ಸುರುವಾದರೆ ಬೆರಳು ಒಂದೊಂದಾಗಿ ಬಿಚ್ಚುತ್ತದೆ. ಅಮ್ಮ ಅದೇ ಹೊತ್ತು ನೋಡಿ ಅವನ ಉಗುರು ತೆಗೆಯುತ್ತಾರೆ. ಇನ್ನು ಆ ಹಾಡು ಅವರದೋ ನಮ್ಮದೋ ಎಂದು ನೀನೇ ಹೇಳು.

ಮೂರನೆಯದು ನಾನು ಪೆರ್ಲದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಡ್ರೈವರ್ ದಿನಾ ಹಾಕುವ ಮಲಯಾಳದ ವಿರಹಗೀತೆ. ಪಾಪ, ಅವನಿಗೆ ಯಾರು ಕೈಕೊಟ್ಟಿದ್ದಾರೋ. ಸಂಜೆ ಬಂದು ಅಣ್ಣನಿಗೆ ಊಟ ಮಾಡಿಸುವಾಗ ಅದನ್ನೇ ಹಾಡುತ್ತೇನೆ, ಅರ್ಧ ಶಬ್ದ ತಪ್ಪು. ಅವನು ಬಾಯಿ ತೆರೆಯುತ್ತಾನೆ, ಅನ್ನ ಒಳಗೆ ಹೋಗುತ್ತದೆ, ಹಾಡು ನಿಲ್ಲಿಸಿದರೆ ಬಾಯಿಯೂ ಮುಚ್ಚುತ್ತದೆ.

ಕೊನೆಯದು ಬರೀ ನನ್ನದು. ಕಾಸರಗೋಡಿನ ಹುಡುಗರು ಡೋಲು ಬಡಿದು ಮಾಡಿದ ತುಳು ಹಾಡು, ಇನ್ಸ್ಟಾಗ್ರಾಮಿನಲ್ಲಿ ಸಿಕ್ಕಿದ್ದು. ಅರ್ಥ ಕೇಳಬೇಡ, ಇಲ್ಲ. ಅದನ್ನು ಜೋರಾಗಿ ಹಾಕಿದರೆ ಅಣ್ಣ ಕಿವಿ ಮುಚ್ಚಲಾಗದೆ ಕಿರುಚುತ್ತಾನೆ. ನಿನ್ನ ಅಮ್ಮ ಹೇಳಿದ ಗದ್ದಲದ ಮಾತು ಇಷ್ಟರ ಮಟ್ಟಿಗೆ ಸರಿ, ಒಪ್ಪಿಕೊಳ್ಳುತ್ತೇನೆ. ಹಾಗಾಗಿ ಮೆಹೆಂದಿಯಲ್ಲಿ ಆ ಹಾಡಿನ ಹೊತ್ತಿಗೆ ಅಪ್ಪ ಅವನ ಗಾಲಿಕುರ್ಚಿಯನ್ನು ಹಿತ್ತಿಲಿಗೆ ತಳ್ಳಿಕೊಂಡು ಹೋಗುತ್ತಾರೆ, ನಾನು ಅಂಗಳದಲ್ಲಿ ಮನಸ್ಸು ತಣಿಯುವಷ್ಟು ಕುಣಿಯುತ್ತೇನೆ. ನಾನು ತ್ಯಾಗದ ಮೂರ್ತಿಯಲ್ಲ. ನನಗೂ ಮದುವೆಯ ಆಸೆ ಉಂಟು, ಬಣ್ಣದ ಲೈಟಿನ ಆಸೆಯೂ ಉಂಟು. ಉಳಿದ ಹಾಡುಗಳಿಗೆ ಅಣ್ಣ ಎದುರಿನ ಸಾಲಿನಲ್ಲೇ ಇರುತ್ತಾನೆ, ನನ್ನ ಪಕ್ಕದಲ್ಲಿ.

ಮದುವೆಯ ದಿನದ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ದಿಬ್ಬಣ ಹೊಸಂಗಡಿಯ ಮದುವೆ ಹಾಲಿಗೆ ಬಂದಾಗ ಮದುಮಗನ ಕಾಲಿಗೆ ನೀರು ಕೊಟ್ಟು ಬರಮಾಡಿಕೊಳ್ಳುವುದು ಹೆಣ್ಣಿನ ಅಣ್ಣ ತಮ್ಮಂದಿರ ಕೆಲಸ. ನನ್ನ ದೊಡ್ಡಮ್ಮನ ಮಗ ಗಣೇಶಪ್ರಸಾದ ಮಾಡಲಿ ಎಂದು ನಿಮ್ಮಲ್ಲಿ ಮಾತಾಯಿತಂತೆ. ಗಣೇಶ ಒಳ್ಳೆಯವನು, ಆದರೆ ನನಗೆ ಒಡಹುಟ್ಟಿದವನು ಒಬ್ಬ ಇರುವಾಗ ಇನ್ನೊಬ್ಬರ ಮಗನನ್ನು ಎರವಲು ತರುವುದು ಯಾಕೆ? ಚೆಂಬು ಕುಶಲಣ್ಣನ ಕೈಯಲ್ಲೇ ಇರುತ್ತದೆ, ಅಪ್ಪ ಆ ಕೈ ಹಿಡಿದುಕೊಳ್ಳುತ್ತಾರೆ. ನೀರು ಸ್ವಲ್ಪ ನಿನ್ನ ಅಣ್ಣನ ಪಂಚೆಗೂ ಬೀಳಬಹುದು. ಬೀಳಲಿ, ಒಣಗುತ್ತದೆ.

ಊರಿನ ಹೆಸರಿನ ಮಾತು. ಪೆರ್ಲವೂ ಎಣ್ಮಕಜೆ ಪಂಚಾಯತಿನದ್ದೇ. ಹೆಸರು ಮುಚ್ಚುವುದು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಕೀಟನಾಶಕದ ಮದ್ದು ಬಿಡುತ್ತಿದ್ದ ಕಾಲದಲ್ಲಿ ಅಣ್ಣ ಅಮ್ಮನ ಹೊಟ್ಟೆಯಲ್ಲಿದ್ದ. ಆ ನೀರು ಕುಡಿದದ್ದು, ಆ ಗಾಳಿ ಉಸಿರಾಡಿದ್ದು ನಮ್ಮ ತಪ್ಪಲ್ಲ. ತಪ್ಪು ಮಾಡದವರು ತಲೆ ಯಾಕೆ ತಗ್ಗಿಸಬೇಕು? ನಮ್ಮೂರಿನ ಎಷ್ಟೋ ಹುಡುಗಿಯರು ಸಂಬಂಧ ತಪ್ಪೀತೆಂದು ಊರು ಕೇಳಿದವರಿಗೆ ಪೆರ್ಲದ ಹತ್ತಿರ ಎಂದು ಹೇಳಿ ಹೇಳಿ ತಮ್ಮ ಮನೆಯ ದಾರಿಯನ್ನೇ ಮರೆತವರಂತೆ ಬದುಕುತ್ತಿದ್ದಾರೆ. ನಾನೂ ಹೇಳಿದವಳೇ. ಇನ್ನು ಹೇಳುವುದಿಲ್ಲ. ಆಮಂತ್ರಣ ನಿನ್ನೆ ಅಚ್ಚಿಗೆ ಹೋಯಿತು, ಎಣ್ಮಕಜೆ ಎಂದು ದಪ್ಪ ಅಕ್ಷರದಲ್ಲಿ, ಸ್ವಾಗತ ಕೋರುವವರಲ್ಲಿ ಮೊದಲ ಹೆಸರು ಕುಶಲ್.

ನಿನ್ನ ಅಮ್ಮ ಬಾಯಿಬಿಟ್ಟು ಕೇಳದ ಮಾತು ಇನ್ನೊಂದಿದೆ, ನಾಳೆ ನನಗೆ ಹುಟ್ಟುವ ಮಕ್ಕಳು ಹೇಗಿರುತ್ತಾರೆ ಎಂದು. ಡಾಕ್ಟರು ಹೆದರಬೇಡ ಎಂದಿದ್ದಾರೆ. ಆದರೂ ನನಗೆ ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಹುಟ್ಟುವ ಮಗು ಹೇಗಿದ್ದರೂ ಬಂದವರೆದುರು ಅದನ್ನು ಒಳಕೋಣೆಯಲ್ಲಿ ಬಚ್ಚಿಡುವ ಮನೆಗೆ ಮಾತ್ರ ನಾನು ಸೊಸೆಯಾಗಿ ಬರುವುದಿಲ್ಲ. ನಮ್ಮ ಮನೆಯಲ್ಲೂ ಆ ಬಾಗಿಲು ಇನ್ನು ತೆರೆದೇ ಇರುತ್ತದೆ.

ಪ್ರವೀತ್ ಇದಕ್ಕೆ ಎಂತ ಹೇಳುತ್ತಾರೆ ಎಂದು ನೀನು ಕೇಳಬಹುದು. ಅವರು ಬೇಡವೆಂದರೆ ಬೇಡ. ದಿಬ್ಬಣ ತರುವುದು ಬಿಡುವುದು ನಿಮ್ಮ ಕೈಯಲ್ಲಿದೆ, ಮೆಹೆಂದಿ ನಮ್ಮದು. ಮದುವೆ ನಿಂತರೂ ಅಂಗಳದಲ್ಲಿ ಚಪ್ಪರ ಏಳುತ್ತದೆ, ಈ ಹಾಡುಗಳು ಇದೇ ಸಾಲಿನಲ್ಲಿ ಮೊಳಗುತ್ತವೆ. ಡಿಜೆಯವನಿಗೆ ನಾಚಿಕೆಯಾದರೆ ಬರುವುದು ಬೇಡ, ಸಫಿಯಕ್ಕನ ಮಗನ ಹತ್ತಿರ ದೊಡ್ಡ ಸ್ಪೀಕರ್ ಉಂಟು. ನೀನು ಬರುವುದಾದರೆ ಸಂಜೆಯೇ ಬಾ, ಕುಶಲಣ್ಣನ ಕೈಗೂ ನೀನೇ ಮೆಹೆಂದಿ ಹಾಕು. ಮುಷ್ಟಿ ಬಿಚ್ಚಿಸುವ ಹಾಡು ಯಾವುದೆಂದು ಹೇಳಿದ್ದೇನೆ.

ಇಂತು,
ನಿನ್ನ ಅತ್ತಿಗೆಯಾಗುವವಳು, ಅಥವಾ ಆಗದವಳು,
ತೃಪ್ತಿ

ತಾ.ಕ.: ಇಷ್ಟು ಬರೆದು ಮುಗಿಸಿ ಅಬುಧಾಬಿಗೆ ಫೋನು ಮಾಡಿದೆ, ನಿನ್ನ ಅಣ್ಣನಿಗೆ ಒಂದಕ್ಷರ ಬಿಡದೆ ಓದಿ ಹೇಳಿದೆ. ಅವರು ಅಮ್ಮನ ಪರವಾಗಿ ವಾದಿಸಲೂ ಇಲ್ಲ, ನನ್ನನ್ನು ಹೊಗಳಲೂ ಇಲ್ಲ. ಮದುವೆಗೆ ಕುಶಲ ಬಾವನಿಗೆ ಅಂಗಿ ತರಬೇಕು, ಸೈಜು ಎಷ್ಟು ಎಂದರು. ಮಲಗಿದಲ್ಲೇ ಹಾಕಿಸಲು ಎದುರು ಬಟನ್ ಇರುವುದು ಸುಲಭವಾ, ತಲೆಯಿಂದ ಹಾಕುವುದು ಸುಲಭವಾ ಎಂದೂ ಕೇಳಿದರು. ನಮ್ಮ ಮನೆಗೆ ಬಂದವರಲ್ಲಿ ಹೋದವರಲ್ಲಿ ಇದನ್ನು ಇದುವರೆಗೆ ಒಬ್ಬರೂ ಕೇಳಿದ್ದಿಲ್ಲ. ಬಟನ್ ಇರಲಿ ಎಂದೆ. ಆದರೂ ಈ ಕಾಗದವನ್ನು ಅಂಚೆಗೆ ಹಾಕುತ್ತಿದ್ದೇನೆ, ನಿನ್ನ ಅಮ್ಮನಿಗೆ ಪೂರ್ತಿ ಓದಿ ಹೇಳು.