ಮಂಡಿ ಹೋದ ಓಟಗಾರ

ಅಪ್ಪಾ,

ಇವತ್ತು ಇಂದಿರಾನಗರದ ನಮ್ಮ ಕಾಲ್ ಸೆಂಟರಿನಲ್ಲಿ ಒಂದು ಆಟ ಆಡಿದೆವು. ಅಮೆರಿಕದ ಫುಟ್‌ಬಾಲ್ ಆಟಗಾರರನ್ನು ಸರದಿಯಂತೆ ಆರಿಸಿ, ಕಂಪ್ಯೂಟರಿನಲ್ಲೇ ತಂಡ ಕಟ್ಟುವುದು. ಚೆಂಡು ಹೊತ್ತು ಓಡುವವನನ್ನು ಅಲ್ಲಿ ರನ್ನಿಂಗ್ ಬ್ಯಾಕ್ ಅನ್ನುತ್ತಾರೆ. ಅವರಲ್ಲಿ ಯಾರಿಗೆ ಎಷ್ಟು ಬೆಲೆ ಎಂದು ಎಲ್ಲರೂ, ಆ ಆಟವನ್ನು ತಪ್ಪದೆ ನೋಡುವ ನನ್ನನ್ನೇ ಕೇಳುತ್ತಿದ್ದರು.

ಮೂವತ್ತು ದಾಟಿದ ಒಬ್ಬನ ಹೆಸರು ಬಂತು.

"ಇವನು ಬೇಡ, ಮಂಡಿ ಹೋಗಿದೆ. ನೆಟ್ಟಗೆ ಓಡೋವಾಗ ಗೊತ್ತಾಗಲ್ಲ, ತಿರುಗೋವಾಗ ಕೈಕೊಡುತ್ತೆ," ಅಂದೆ.

ಪಕ್ಕದ ಸೀಟಿನ ಮುನೀಂದ್ರ ಬೆರಗಾದ. "ಇದೆಲ್ಲ ನಿಂಗೆ ಹೆಂಗ್ ಗೊತ್ತು ಪ್ರಿಯಾ? ಮನೇಲಿ ಯಾರಾದ್ರೂ ಪ್ಲೇಯರ್ಸಾ?"

ರಸೆಲ್ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ ನೀನು, ಉಳ್ಳಾಗಡ್ಡಿ ಚೀಲ ಹೊತ್ತು ಪಕ್ಕಕ್ಕೆ ತಿರುಗುವಾಗ ಮಂಡಿ ಕೈಕೊಟ್ಟು ಕುಸಿದದ್ದು ಕಣ್ಣಮುಂದೆ ಬಂತು. ಅಲ್ಲಿಂದ ಸಾಯುವ ತನಕ ನೀನು ನನ್ನ ಹೆಗಲು ಹಿಡಿದೇ ನಡೆದೆ.

"ಇಂಟರ್‌ನೆಟ್‌ನಲ್ಲಿ ಓದಿದ್ದು ಕಣೋ," ಅಂದೆ.

ಅವರು ನಂಬಿದರು. ಕೊನೆಯ ಸುತ್ತಿನವರೆಗೂ ಆ ಆಟಗಾರನನ್ನು ಯಾರೂ ಆರಿಸಲಿಲ್ಲ. ಕೊನೆಯ ಸರದಿ ನನ್ನದು.

"ಆ ಮುದುಕನ್ನ ನೀನೇ ಇಟ್ಕೊಂಬಿಡು," ಎಂದು ಮುನೀಂದ್ರ ತಮಾಷೆ ಮಾಡಿದ. ಎಲ್ಲರೂ ನಕ್ಕರು. ನಾನೂ ನಕ್ಕು, ಬೇರೊಬ್ಬನ ಹೆಸರು ಹೇಳಿದೆ.